ನೆರೆಮನೆಯವರ ಬ್ಯೂಕ್ ಲೆಸಾಬರ್ ಕೊಳ್ಳಬಹುದೇ? ಈ ಹೆಸರು ಇಷ್ಟು ಕಾಲ ಉಳಿದದ್ದು ಹೇಗೆ?

ಮಲೆನಾಡಿಗ, ಫಾರ್ಮಿಂಗ್ಟನ್ ಹಿಲ್ಸ್, ಮಿಶಿಗನ್

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್ನಿಗೆ ಬಂದು ಹನ್ನೊಂದು ವರ್ಷಗಳಾದವು. ಅಮೆರಿಕದ ಮೋಟಾರು ಉದ್ಯಮದ ತವರಿನಲ್ಲಿ ಇಷ್ಟು ಕಾಲ ಇದ್ದೂ ಜಪಾನಿನ ಕಾರುಗಳನ್ನು ಬಿಟ್ಟು ಬೇರೆ ಕೊಂಡವನಲ್ಲ. ಈಗ ಒಂದು ಸಂದರ್ಭ ಒದಗಿದೆ. ನಮ್ಮ ಪಕ್ಕದ ಮನೆಯ ಹಿರಿಯರು, ಎಂಬತ್ತನಾಲ್ಕು ವರ್ಷದವರು, ಕಣ್ಣು ಮಂದವಾಯಿತೆಂದು ಕಾರು ಓಡಿಸುವುದನ್ನು ನಿಲ್ಲಿಸಿದ್ದಾರೆ. ತಮ್ಮ 2004ರ ಬ್ಯೂಕ್ ಲೆಸಾಬರ್ ಕಾರನ್ನು 2,800 ಡಾಲರಿಗೆ ನನಗೆ ಕೊಡುವುದಾಗಿ ಅವರೇ ಕೇಳಿಕೊಂಡು ಬಂದರು. ಓಡಿರುವುದು 61,000 ಮೈಲಿ ಮಾತ್ರ, ಮತ್ತು ಪ್ರತಿ ಸಲ ಎಣ್ಣೆ ಬದಲಿಸಿದ ದಿನಾಂಕವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಬರುವ ಬೇಸಿಗೆಯಲ್ಲಿ ಹದಿನಾರು ತುಂಬುವ ನನ್ನ ಮಗನಿಗೆ ಚಾಲನೆ ಕಲಿಯಲು ಒಂದು ಕಾರು ಬೇಕಾಗಿದೆ. ಅವನು ಇದನ್ನು ನೋಡಿದ ಕೂಡಲೇ 'ಅಜ್ಜಂದಿರ ಕಾರು' ಎಂದು ಮೂಗು ಮುರಿದ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಇಪ್ಪತ್ತು ವರ್ಷ ದಾಟಿದ ಈ ಕಾರು ಇನ್ನೂ ನಾಲ್ಕೈದು ವರ್ಷ ನಂಬಿಕೆಯಿಂದ ಓಡೀತೇ, ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಇನ್ನೊಂದು ಪ್ರಶ್ನೆ ಕೊಳ್ಳುವುದಕ್ಕೆ ಸಂಬಂಧಿಸಿದ್ದಲ್ಲ. ಈ ಹಿರಿಯರು ಫ್ಲಿಂಟ್ ನಗರದ ಬ್ಯೂಕ್ ಕಾರ್ಖಾನೆಯಲ್ಲಿ ಅದು ಮುಚ್ಚುವವರೆಗೂ ದುಡಿದವರು. ಮಾತಿನ ನಡುವೆ ಅವರು, "ಓಲ್ಡ್ಸ್‌ಮೊಬೀಲ್ ಹೋಯಿತು, ಪಾಂಟಿಯಾಕ್ ಹೋಯಿತು, ನಮ್ಮ ಕಾರ್ಖಾನೆಯೂ ಹೋಯಿತು. ಬ್ಯೂಕ್ ಎಂಬ ಹೆಸರು ಮಾತ್ರ ಹೇಗೆ ಉಳಿಯಿತೋ ನನಗೇ ತಿಳಿಯದು" ಎಂದರು. (ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಎರಡೂ ಬ್ಯೂಕಿನ ಒಡೆಯ ಕಂಪನಿಯಾದ ಜನರಲ್ ಮೋಟರ್ಸಿನವೇ ಆದ ಕಾರುಗಳ ಹೆಸರುಗಳು.) ಅಲ್ಲಿ ಜೀವಮಾನವನ್ನೇ ಕಳೆದವರಿಗೂ ತಿಳಿಯದ ಉತ್ತರ ಏನಿರಬಹುದೆಂಬ ಕುತೂಹಲ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

---

ಹಳೇಗಾಡಿ, ಇಂಡಿಯಾನಾ

ಮಲೆನಾಡಿಗರೇ, ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ನಾನು 2001ರ ಲೆಸಾಬರ್ ಒಂದನ್ನು ಹದಿಮೂರು ವರ್ಷ ಓಡಿಸಿದ್ದೇನೆ. ನನ್ನ ಕೈಗೆ ಬಂದಾಗ ಅದು 70,000 ಮೈಲಿ ಓಡಿತ್ತು, ಮಾರುವಾಗ 2,14,000 ಮೈಲಿ ದಾಟಿತ್ತು. ಅಷ್ಟರಲ್ಲಿ ಎಂಜಿನ್ನನ್ನು ಒಮ್ಮೆಯೂ ಬಿಚ್ಚಬೇಕಾಗಲಿಲ್ಲ. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 28ರಿಂದ 30 ಮೈಲಿ ಕೊಡುತ್ತಿತ್ತು. ಮುಂದಿನ ಸೀಟಿನಲ್ಲಿ ಮೂವರು ಕೂರುವ ಮಾದರಿ ಅದಾಗಿದ್ದರಿಂದ, ನನ್ನ ತಂದೆತಾಯಿ ಊರಿನಿಂದ ಬಂದಿದ್ದಾಗ ನಾವು ಆರು ಮಂದಿ ಒಂದೇ ಕಾರಿನಲ್ಲಿ ಚಿಕಾಗೊವರೆಗೆ ಹೋಗಿ ಬಂದೆವು. ಸೊಂಟನೋವಿನ ನಮ್ಮ ತಾಯಿಯವರು ಅಮೆರಿಕದಲ್ಲಿ ಮೆಚ್ಚಿದ ಏಕೈಕ ವಸ್ತು ಆ ಸೀಟು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಬಾಳಿಕೆಯ ಗುಟ್ಟು ಅದರ 3.8 ಲೀಟರಿನ ವಿ-6 ಎಂಜಿನ್ನಿನಲ್ಲಿದೆ, ಅಂದರೆ ಆರು ಸಿಲಿಂಡರುಗಳು 'ವಿ' ಆಕಾರದಲ್ಲಿ ಎರಡು ಸಾಲಾಗಿರುವ ಎಂಜಿನ್ನಿನಲ್ಲಿ. ಎಲ್ಲರೂ ಇದನ್ನು '3800' ಎಂದೇ ಕರೆಯುತ್ತಾರೆ. ನಿಮ್ಮ 2004ರ ಕಾರಿನಲ್ಲಿರುವುದು ಅದರ ಎರಡನೆಯ ಸರಣಿ, 205 ಅಶ್ವಶಕ್ತಿಯದು. ಇದರ ಹುಟ್ಟಿನ ಕಥೆ ಸ್ವಲ್ಪ ವಿಚಿತ್ರವಾಗಿದೆ. 1961ರಲ್ಲಿ ಬ್ಯೂಕ್ ಚಿಕ್ಕದೊಂದು ಕಾರಿಗೆಂದು ಅಲ್ಯೂಮಿನಿಯಂನ 3.5 ಲೀಟರ್ ವಿ-8 ಎಂಜಿನ್ ತಯಾರಿಸಿತು. ಅದು ಹಗುರವಾಗಿತ್ತು, ಚೆನ್ನಾಗಿಯೂ ಇತ್ತು, ಆದರೆ ಎರಕ ಹೊಯ್ಯುವ ಖರ್ಚು ಮಿತಿಮೀರಿತು. ಖರ್ಚು ಇಳಿಸಲು ಅದೇ ವಿನ್ಯಾಸದಿಂದ ಎರಡು ಸಿಲಿಂಡರ್ ಕಡಿಮೆ ಮಾಡಿ, ಅಲ್ಯೂಮಿನಿಯಂ ಬದಲು ಬೀಡುಕಬ್ಬಿಣದಲ್ಲಿ ಹೊಯ್ದು, 1962ರ ಬ್ಯೂಕ್ ಸ್ಪೆಷಲ್ ಕಾರಿಗೆ ಒಂದು ವಿ-6 ಕೂರಿಸಿದರು. ಅಮೆರಿಕದ ಪ್ರಯಾಣಿಕ ಕಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ವಿ-6 ಅದೇ. ಎಂಟು ಸಿಲಿಂಡರಿಗೆ ಹೊಂದುವ ತೊಂಬತ್ತು ಡಿಗ್ರಿ ಕೋನವನ್ನೇ ಆರು ಸಿಲಿಂಡರಿಗೂ ಉಳಿಸಿಕೊಂಡದ್ದರಿಂದ ಅದು ನಿಂತಲ್ಲೇ ನಡುಗುತ್ತಿತ್ತು. ಪೆಟ್ರೋಲು ನೀರಿನ ಬೆಲೆಗೆ ಸಿಗುತ್ತಿದ್ದ ಆ ಕಾಲದಲ್ಲಿ ಇಂಥದ್ದು ಯಾರಿಗೆ ಬೇಕು ಎಂದುಕೊಂಡು, 1967ರಲ್ಲಿ ಅದರ ಯಂತ್ರೋಪಕರಣಗಳನ್ನೆಲ್ಲ ಜೀಪ್ ತಯಾರಿಸುತ್ತಿದ್ದ ಕೈಸರ್ ಕಂಪನಿಗೆ ಮಾರಿಬಿಟ್ಟರು.

ಆರು ವರ್ಷ ಕಳೆಯುವುದರೊಳಗೆ ತೈಲ ಬಿಕ್ಕಟ್ಟು ಬಂತು. ಜೀಪ್ ಅಷ್ಟರಲ್ಲಿ ಅಮೆರಿಕನ್ ಮೋಟರ್ಸ್ ಪಾಲಾಗಿತ್ತು, ಅವರು ಈ ಎಂಜಿನ್ನನ್ನು ಕೈಬಿಟ್ಟು ಯಂತ್ರಗಳನ್ನು ಸುಮ್ಮನೆ ಇಟ್ಟುಕೊಂಡಿದ್ದರು. 1974ರಲ್ಲಿ ಜನರಲ್ ಮೋಟರ್ಸ್ ತಾನು ಮಾರಿದ್ದನ್ನೇ ಮರಳಿ ಕೊಂಡು ಫ್ಲಿಂಟಿಗೆ ತಂದಿತು. ಕೊಟ್ಟ ಹೆಣ್ಣನ್ನು ಬೀಗರ ಮನೆಗೆ ಹೋಗಿ ಕರೆದುಕೊಂಡು ಬಂದಂತೆ! 1977ರ ಹೊತ್ತಿಗೆ ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿನ ವಿನ್ಯಾಸ ಬದಲಿಸಿ ಸಿಲಿಂಡರುಗಳು ಸಮಾನ ಅಂತರದಲ್ಲಿ ಉರಿಯುವಂತೆ ಮಾಡಿದರು, 1988ರಲ್ಲಿ ನಡುಕ ತಡೆಯಲು ಒಳಗೆ ಇನ್ನೊಂದು ತಿರುಗುವ ದಂಡವನ್ನು ಸೇರಿಸಿದರು. ಹೀಗೆ ತಿದ್ದಿ ತಿದ್ದಿ ಬಂದ ಎಂಜಿನ್ 2008ರವರೆಗೂ ತಯಾರಾಯಿತು. ಹೊಸದನ್ನು ಹುಡುಕಿ ಓಡದೆ ಹಳೆಯದನ್ನೇ ನಾಲ್ಕು ದಶಕ ತಿದ್ದಿದರೆ ಏನು ಸಿಗುತ್ತದೆ ಎಂಬುದು ಇದನ್ನು ಓಡಿಸಿದವರಿಗೆ ಗೊತ್ತು. ಬಿಟ್ಟುಕೊಟ್ಟ ಅಲ್ಯೂಮಿನಿಯಂ ವಿ-8 ಕೂಡ ವ್ಯರ್ಥವಾಗಲಿಲ್ಲ. ಇಂಗ್ಲೆಂಡಿನ ರೋವರ್ ಕಂಪನಿ ಅದನ್ನು ಕೊಂಡು, 1970ರ ಮೊದಲ ರೇಂಜ್ ರೋವರಿಗೂ ಕೂರಿಸಿತು.

ಈಗ ಪರೀಕ್ಷೆಯ ವಿಷಯ. ಕಾರಿನ ಗುರುತುಸಂಖ್ಯೆಯಲ್ಲಿ ಎಂಟನೆಯ ಅಕ್ಷರ 'ಕೆ' ಇದ್ದರೆ ನಾನು ಹೇಳಿದ ಎಂಜಿನ್ನೇ ಎಂದು ಖಚಿತಪಡಿಸಿಕೊಳ್ಳಿ. ಈ ಸರಣಿಯ ಎರಡು ದುರ್ಬಲ ಜಾಗಗಳು ಎಲ್ಲ ಮೆಕ್ಯಾನಿಕ್‌ಗಳಿಗೂ ತಿಳಿದಿವೆ. ಎಂಜಿನ್ನಿನ ಮೇಲ್ಭಾಗದ ಗಾಳಿ ಸಾಗುವ ಪೆಟ್ಟಿಗೆ ಪ್ಲಾಸ್ಟಿಕ್ಕಿನದು. ಬಿಸಿ ಹೊಗೆಯ ಕೊಳವೆ ಅದರೊಳಗೆ ಹಾದು ಹೋಗುವ ಜಾಗದಲ್ಲಿ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಸೊರಗುತ್ತದೆ, ಹಾಗೆ ಸೊರಗಿದಾಗ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಸಿಲಿಂಡರಿನೊಳಕ್ಕೆ ಇಳಿಯಬಹುದು. ಹಾಗೆಯೇ, ಬೆಲ್ಟಿನ ಬಳಿ ಕೂಲೆಂಟ್ ಸಾಗುವ ಎರಡು ಸಣ್ಣ ಪ್ಲಾಸ್ಟಿಕ್ ಮೊಣಕೈ ಕೊಳವೆಗಳಿವೆ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ಕೊಳವೆಗಳ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ, ಆದ್ದರಿಂದ ಕೆಟ್ಟಿರಲಿ ಬಿಡಲಿ ಬದಲಿಸಿಬಿಡಿ. ಪೆಟ್ಟಿಗೆಯನ್ನು ಹಿಂದೆ ಬದಲಿಸಿದ್ದಾರೆಯೇ ಎಂದು ಆ ಪುಸ್ತಕದಲ್ಲಿ ನೋಡಿ.

ಕೂಲೆಂಟ್ ಕಿತ್ತಳೆ ಬಣ್ಣದ್ದೇ ಇರಬೇಕು. ಒಮ್ಮೆ ಪ್ರಯಾಣದ ನಡುವೆ ಹೆದ್ದಾರಿ ಪಕ್ಕದ ಯಾವುದೋ ಗ್ಯಾರೇಜಿನವನು ನಾನು ಬೇಡವೆಂದರೂ ಹಸಿರು ಬಣ್ಣದ್ದನ್ನು ಸುರಿದುಬಿಟ್ಟ. ಕೆಲವು ತಿಂಗಳಲ್ಲಿ ಎರಡೂ ಕಲೆತು ಕೆಸರಾಗಿ, ರೇಡಿಯೇಟರ್ ತೊಳೆಸಲು ನಾನು ಎರಡು ದಿನದ ಕೂಲಿ ತೆತ್ತೆ.

ನಿಮ್ಮಲ್ಲಿ ಎಂಜಿನ್ನಿಗಿಂತ ದೊಡ್ಡ ಶತ್ರು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಬಾಗಿಲ ಕೆಳಗಿನ ಅಂಚನ್ನೂ ಬ್ರೇಕ್ ಪೈಪುಗಳನ್ನೂ ಒಳಗೊಳಗೇ ತಿಂದಿರುತ್ತದೆ. ಕಾರನ್ನು ಮೇಲೆತ್ತಿಸಿ, ಅಡಿಭಾಗವನ್ನು ನಿಮ್ಮ ಕಣ್ಣಿನಿಂದಲೇ ನೋಡದೆ ಹಣ ಕೊಡಬೇಡಿ. ಅಡಿಭಾಗ ಗಟ್ಟಿಯಾಗಿದ್ದರೆ 2,800 ಡಾಲರ್ ನ್ಯಾಯವಾದ ಬೆಲೆ. ಇನ್ನೊಂದು ಮಾತು: ಬಾನೆಟ್ ತೆರೆದು ಬ್ಯಾಟರಿಗಾಗಿ ಹುಡುಕಬೇಡಿ, ಅದು ಹಿಂದಿನ ಸೀಟಿನ ಕೆಳಗಿದೆ.

---

ಕವಾಟ, ಓಹಾಯೋ

ಎಂಜಿನ್ನಿನ ಕಥೆಯನ್ನು ಹಳೇಗಾಡಿಯವರು ಚೆನ್ನಾಗಿ ಹೇಳಿದ್ದಾರೆ. ಆದರೆ ಆ ಕಥೆ 1961ರಲ್ಲಿ ಶುರುವಾಗುವುದಿಲ್ಲ. ಬ್ಯೂಕ್ ಎಂಬ ಕಂಪನಿ ಹುಟ್ಟಿದ್ದೇ ಒಂದು ಎಂಜಿನ್ನಿನಿಂದ, ಮತ್ತು ಆ ಎಂಜಿನ್ನಿನ ಹಿಂದಿದ್ದವರು ಬಚ್ಚಲುಮನೆಯ ಸಾಮಾನು ತಯಾರಿಸುತ್ತಿದ್ದವರು.

ಡೇವಿಡ್ ಡನ್ಬಾರ್ ಬ್ಯೂಕ್ 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯೊಡನೆ ಡೆಟ್ರಾಯ್ಟಿಗೆ ಬಂದವರು. ಬೀಡುಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿಯ ಎನಾಮಲ್ ಗಟ್ಟಿಯಾಗಿ ಹಿಡಿಯುವಂತೆ ಮಾಡುವ ವಿಧಾನವೊಂದನ್ನು ಅವರು ಕಂಡುಹಿಡಿದರು. ಅದೊಂದರಿಂದಲೇ ಜೀವಮಾನವಿಡೀ ಸುಖವಾಗಿರಬಹುದಾಗಿತ್ತು. ಆದರೆ ಮನಸ್ಸು ಪೆಟ್ರೋಲ್ ಎಂಜಿನ್ನುಗಳ ಕಡೆ ಹೊರಳಿತು. 1899ರಲ್ಲಿ ಕೊಳಾಯಿ ವ್ಯವಹಾರವನ್ನು ಒಂದು ಲಕ್ಷ ಡಾಲರಿಗೆ ಮಾರಿ, ಬಂದ ಹಣವನ್ನೆಲ್ಲ ಪ್ರಯೋಗಗಳಿಗೆ ಸುರಿದರು. ವಾಲ್ಟರ್ ಮಾರ್ ಮತ್ತು ಯೂಜೀನ್ ರಿಚರ್ಡ್ ಎಂಬ ಇಬ್ಬರು ಸಹಾಯಕರೊಂದಿಗೆ ಅವರು ರೂಪಿಸಿದ ಎಂಜಿನ್ನಿನಲ್ಲಿ ಕವಾಟಗಳು, ಅಂದರೆ ವಾಲ್ವುಗಳು, ಸಿಲಿಂಡರಿನ ಪಕ್ಕದಲ್ಲಿರದೆ ತಲೆಯ ಮೇಲೆಯೇ ಇದ್ದವು. (ನನ್ನ ಹೆಸರು ಎಲ್ಲಿಂದ ಬಂತೆಂದು ಈಗ ತಿಳಿದಿರಬೇಕು.) ಕವಾಟ ಪಕ್ಕದಲ್ಲಿದ್ದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸುತ್ತುಬಳಸಿ ಒಳಹೋಗಬೇಕು, ಉರಿಯುವ ಕೋಣೆಯೂ ಹರಡಿಕೊಂಡಿರುತ್ತದೆ. ಮೇಲಿದ್ದರೆ ದಾರಿ ನೇರವಾಗುತ್ತದೆ, ಕೋಣೆ ಚಿಕ್ಕದಾಗುತ್ತದೆ, ಅಷ್ಟೇ ಗಾತ್ರದ ಸಿಲಿಂಡರಿನಿಂದ ಹೆಚ್ಚು ಬಲ ಸಿಗುತ್ತದೆ. ಇಂದು ಇದು ಎಲ್ಲ ಕಾರುಗಳ ಸಾಮಾನ್ಯ ಗುಣ. ಅಂದು ಬಹುತೇಕ ತಯಾರಕರು ಪಕ್ಕದ ಕವಾಟವನ್ನೇ ಹಿಡಿದು ಕೂತಿದ್ದರು, ಮತ್ತು ಬ್ಯೂಕ್ ತನ್ನ ಜಾಹೀರಾತುಗಳಲ್ಲಿ ದಶಕಗಳ ಕಾಲ ಈ ಒಂದು ಸಂಗತಿಯನ್ನೇ ಸಾರಿತು. ಮೂವರಲ್ಲಿ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕಂಪನಿ 1903ರ ಮೇ ತಿಂಗಳಲ್ಲಿ ಡೆಟ್ರಾಯ್ಟಿನಲ್ಲಿ ನೋಂದಾಯಿತವಾಯಿತು. ಹಣ ಬರಿದಾಗಿದ್ದರಿಂದ ಅದೇ ವರ್ಷ ಫ್ಲಿಂಟಿನ ಒಂದು ಬಂಡಿ ಕಾರ್ಖಾನೆಯವರ ಕೈ ಸೇರಿತು. ಫ್ಲಿಂಟ್ ಆಗಲೇ ಕುದುರೆಗಾಡಿಗಳಿಗೆ ಹೆಸರಾದ ಊರು, ವಾಹನಗಳ ನಗರ ಎಂಬ ಬಿರುದು ಅದಕ್ಕೆ ಬಂದದ್ದು ಕಾರಿನಿಂದಲ್ಲ, ಗಾಡಿಯಿಂದ. 1904ರ ಜುಲೈನಲ್ಲಿ ಮಾರ್ ಅವರೂ ಡೇವಿಡ್ ಬ್ಯೂಕರ ಮಗ ಥಾಮಸರೂ ಮೈಕಟ್ಟು ಸಹ ಇಲ್ಲದ ಕಾರೊಂದರಲ್ಲಿ ಫ್ಲಿಂಟಿನಿಂದ ಡೆಟ್ರಾಯ್ಟಿಗೆ ಹೋಗಿ, ಕೆಸರು ರಸ್ತೆಗಳಲ್ಲಿ ಮರಳಿ ಬಂದರು. ಆ ವರ್ಷ ತಯಾರಾದದ್ದು 37 ಕಾರು ಮಾತ್ರ.

ಆಗ ಬಂದವರು ವಿಲಿಯಂ ಡ್ಯುರಾಂಟ್. ಕುದುರೆಗಾಡಿಯ ದೊಡ್ಡ ವ್ಯಾಪಾರಿಯಾಗಿದ್ದ ಅವರಿಗೆ ಕಾರುಗಳ ಸದ್ದೂ ವಾಸನೆಯೂ ಹಿಡಿಸುತ್ತಿರಲಿಲ್ಲ. ಫ್ಲಿಂಟಿನ ಸುತ್ತಲಿನ ಅತ್ಯಂತ ಕೆಟ್ಟ ದಾರಿಗಳನ್ನೇ ಆರಿಸಿ ಬ್ಯೂಕ್ ಕಾರನ್ನು ಓಡಿಸಿ ನೋಡಿದ ಮೇಲೆ, 1904ರ ನವೆಂಬರಿನಲ್ಲಿ ಕಂಪನಿಯ ಹೊಣೆ ಹೊತ್ತರು. ಮರುವರ್ಷದ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಹೋಗಿ, ಇನ್ನೂ ನೂರು ಕಾರು ಸಹ ತಯಾರಿಸದ ಕಂಪನಿಯ ಪರವಾಗಿ ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಮುಂಗಡ ಬೇಡಿಕೆ ಹಿಡಿದುಕೊಂಡು ಬಂದರು. 1908ರ ಹೊತ್ತಿಗೆ ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಕಾರು ತಯಾರಾಗುತ್ತಿದ್ದವು. ಆ ಲಾಭದ ಬಲದ ಮೇಲೆಯೇ ಅವರು ಅದೇ ಸೆಪ್ಟೆಂಬರಿನಲ್ಲಿ ಜನರಲ್ ಮೋಟರ್ಸ್ ಕಟ್ಟಿದರು. ಆದ್ದರಿಂದ ಬ್ಯೂಕನ್ನು ಜನರಲ್ ಮೋಟರ್ಸಿನ ಒಂದು ವಿಭಾಗ ಎಂದು ಕರೆಯುವುದು ಇಂದಿಗೆ ಸರಿ. ಹುಟ್ಟಿನ ಲೆಕ್ಕದಲ್ಲಿ ಅದು ತಾಯಿ.

ಈ ಮನೆಯಲ್ಲಿ ಬೆಳೆದು ಹೊರಹೋದವರ ಪಟ್ಟಿಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ಬ್ಯೂಕ್ ಪರವಾಗಿ ಪಂದ್ಯಗಳಲ್ಲಿ ಕಾರು ಓಡಿಸುತ್ತಿದ್ದವರು ಲೂಯಿ ಷೆವ್ರೊಲೆ. 1910ರಲ್ಲಿ ಬ್ಯೂಕಿನ ಅಧ್ಯಕ್ಷರಾದವರು ಚಾರ್ಲ್ಸ್ ನ್ಯಾಷ್. ಅವರು ಕಾರ್ಖಾನೆ ನೋಡಿಕೊಳ್ಳಲು ಕರೆತಂದದ್ದು ರೈಲ್ವೆ ಎಂಜಿನ್ ತಯಾರಿಕೆಯಲ್ಲಿ ಪಳಗಿದ ವಾಲ್ಟರ್ ಕ್ರೈಸ್ಲರ್ ಅವರನ್ನು. ವರ್ಷಕ್ಕೆ 12,000 ಡಾಲರ್ ಸಂಬಳ ಬರುತ್ತಿದ್ದ ಕೆಲಸ ಬಿಟ್ಟು ಕ್ರೈಸ್ಲರ್ 6,000ಕ್ಕೆ ಒಪ್ಪಿಕೊಂಡರು, ಏಕೆಂದರೆ ಅವರಿಗೆ ಕಾರಿನ ಹುಚ್ಚು ಹಿಡಿದಿತ್ತು. ಮೂವರ ಹೆಸರಿನಲ್ಲೂ ಮುಂದೆ ಕಾರುಗಳು ಬಂದವು. ಆದರೆ ಬ್ಯೂಕ್ ಎಂಬ ಹೆಸರಿನ ಮನುಷ್ಯ ಅದಾಗಲೇ ಹೊರಗಿದ್ದರು. ಷೇರುಗಳನ್ನು ಬಿಟ್ಟುಕೊಟ್ಟು, ಎಣ್ಣೆ ಬಾವಿ, ಜಮೀನು ಎಂದು ಕೈಹಾಕಿದ್ದೆಲ್ಲ ಸುಟ್ಟುಕೊಂಡು, ಕೊನೆಗೆ ಡೆಟ್ರಾಯ್ಟಿನ ಒಂದು ಕಸುಬು ಶಾಲೆಯಲ್ಲಿ ಕೆಲಸಕ್ಕಿದ್ದ ಅವರು 1929ರಲ್ಲಿ ತೀರಿಕೊಂಡಾಗ, ಮನೆಗೆ ಟೆಲಿಫೋನ್ ಹಾಕಿಸುವಷ್ಟೂ ಹಣವಿರಲಿಲ್ಲವೆನ್ನುತ್ತಾರೆ.

ನಿಮ್ಮ ನೆರೆಯವರ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇಲ್ಲಿದೆ. 1920ರ ದಶಕದಲ್ಲಿ ಜನರಲ್ ಮೋಟರ್ಸಿನ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್ ಅವರು ಕಂಪನಿಯ ಕಾರುಗಳ ಹೆಸರುಗಳನ್ನು ಒಂದು ಏಣಿಯಂತೆ ಜೋಡಿಸಿದರು. ಕೆಳಗೆ ಷೆವ್ರೊಲೆ, ತುದಿಯಲ್ಲಿ ಕ್ಯಾಡಿಲಾಕ್, ಅದರ ಕೆಳಗಿನ ಮೆಟ್ಟಿಲೇ ಬ್ಯೂಕ್. ಊರಿನ ವೈದ್ಯರು ಕ್ಯಾಡಿಲಾಕ್ ತೆಗೆದುಕೊಂಡರೆ ರೋಗಿಗಳು 'ನಮ್ಮ ಹಣದಲ್ಲಿ ಮೆರೆಯುತ್ತಾನೆ' ಎಂದಾರು, ಷೆವ್ರೊಲೆ ತೆಗೆದುಕೊಂಡರೆ 'ಕೈಗುಣ ಸರಿಯಿಲ್ಲವೇನೋ' ಎಂದಾರು. ಬ್ಯೂಕ್ 'ವೈದ್ಯರ ಕಾರು' ಎನಿಸಿಕೊಂಡದ್ದರ ಗುಟ್ಟು ಇದೇ ಎಂಬುದು ನನ್ನ ನಂಬಿಕೆ. 1948ರ ಡೈನಾಫ್ಲೋ ಗೇರುಪೆಟ್ಟಿಗೆಯೂ ಅಂಥ ಗಿರಾಕಿಗಳಿಗೆಂದೇ ಮಾಡಿದ್ದು: ಗೇರು ಬದಲಾಗುವ ಕುಲುಕು ಒಂದಿಷ್ಟೂ ತಿಳಿಯುತ್ತಿರಲಿಲ್ಲ, ಬದಲಿಗೆ ಕಾರು ಎದ್ದೇಳಲು ಸಾಕಷ್ಟು ಯೋಚಿಸುತ್ತಿತ್ತು. ಮರುವರ್ಷ ಬಾನೆಟ್ಟಿನ ಪಕ್ಕದಲ್ಲಿ ಬಂದ ದುಂಡು ಕಿಂಡಿಗಳ ಕಥೆಯನ್ನು ಹೇಳದೆ ಬಿಡಲಾರೆ. ವಿನ್ಯಾಸಕಾರ ನೆಡ್ ನಿಕಲ್ಸ್ ತಮ್ಮ ಸ್ವಂತ ಕಾರಿಗೆ ತೂತು ಕೊರೆದು, ಒಳಗೆ ದೀಪಗಳನ್ನಿಟ್ಟು, ಸಿಲಿಂಡರ್ ಉರಿದಂತೆಲ್ಲ ಅವು ಮಿನುಗುವ ಹಾಗೆ ಮಾಡಿಕೊಂಡಿದ್ದರು. ಮೇಲಧಿಕಾರಿಗೆ ಅದು ಹಿಡಿಸಿ, ದೀಪ ಬಿಟ್ಟು ಕಿಂಡಿಗಳನ್ನು ಮಾತ್ರ 1949ರ ಕಾರುಗಳಿಗೆ ತಂದರು. ಮೂರು ಕಿಂಡಿಯೋ ನಾಲ್ಕೋ ಎಂಬುದನ್ನು ನೋಡಿ ಬೀದಿಯವರು ಯಜಮಾನನ ವರಮಾನವನ್ನು ಅಳೆಯತೊಡಗಿದರು.

---

ಉತ್ತರಮುಖಿ, ನ್ಯೂಜೆರ್ಸಿ

ಗುಂಪಿನ ಉತ್ಸಾಹಕ್ಕೆ ಅಡ್ಡಬರುವುದಕ್ಕೆ ಕ್ಷಮೆಯಿರಲಿ. ಇತಿಹಾಸವೆಲ್ಲ ಸೊಗಸಾಗಿದೆ, ಆದರೆ ಕಾರು ಕೊಳ್ಳುವವರು ಆ ಒಂದು ಕಾರನ್ನು ನೋಡಬೇಕೇ ಹೊರತು ಮುಂಭಾಗದ ಲಾಂಛನವನ್ನಲ್ಲ. ಇಂದು ಅಮೆರಿಕದ ಬ್ಯೂಕ್ ಷೋರೂಮಿಗೆ ಹೋದರೆ ಮಾಮೂಲಿ ಸೆಡಾನ್ ಒಂದೂ ಇಲ್ಲ, ಎಲ್ಲವೂ ಎತ್ತರದ ಎಸ್‌ಯುವಿಗಳು. ಎನ್‌ವಿಷನ್ ಬಂದದ್ದು ಚೀನಾದ ಕಾರ್ಖಾನೆಯಿಂದ, ಎನ್‌ಕೋರ್ ಬಂದದ್ದು ದಕ್ಷಿಣ ಕೊರಿಯಾದಿಂದ. ಮಿಶಿಗನ್ನಿನಲ್ಲೇ ತಯಾರಾಗುತ್ತ ಬಂದದ್ದು ದೊಡ್ಡ ಎನ್‌ಕ್ಲೇವ್. ನನ್ನ ಹೆಂಡತಿ ಎನ್‌ಕೋರ್ ಓಡಿಸುತ್ತಾಳೆ, ಅದು ಚೆನ್ನಾಗಿದೆ, ಪಾರ್ಕಿಂಗಿಗೆ ಸುಲಭ. ಆದರೆ ಅದಕ್ಕೂ ಫ್ಲಿಂಟಿನ ನೆನಪುಗಳಿಗೂ ಏನು ಸಂಬಂಧ? ಮಲೆನಾಡಿಗರ ನೆರೆಯವರ ಲೆಸಾಬರನ್ನು ಕೊಳ್ಳಿ ಎಂದೇ ನಾನೂ ಹೇಳುತ್ತೇನೆ, ಅದಕ್ಕೆ ಕಾರಣ ಅದು ಬ್ಯೂಕ್ ಎಂಬುದಲ್ಲ, ಎಣ್ಣೆ ಬದಲಿಸಿದ ದಿನ ಬರೆದಿಡುವ ಒಬ್ಬ ಮನುಷ್ಯ ಅದರ ಒಡೆಯ ಎಂಬುದು.

---

ದೂರತೀರ, ಮಂಗಳೂರು (ಹಿಂದೆ ಶಾಂಘೈ)

ಉತ್ತರಮುಖಿಯವರು ಆಕ್ಷೇಪಣೆಯಾಗಿ ಹೇಳಿದ್ದರಲ್ಲೇ ಎರಡನೆಯ ಪ್ರಶ್ನೆಯ ಉತ್ತರ ಅಡಗಿದೆ. ನಾನು ಬಿಡಿಭಾಗಗಳ ವ್ಯವಹಾರಕ್ಕೆಂದು ನಾಲ್ಕು ವರ್ಷ ಶಾಂಘೈಯಲ್ಲಿದ್ದೆ. ಅಲ್ಲಿ ಬ್ಯೂಕ್ ಎಂದರೆ ಅಜ್ಜಂದಿರ ಕಾರಲ್ಲ. ಕೆಲಸದಲ್ಲಿ ಮೇಲೇರಿದ ಮಧ್ಯವಯಸ್ಕರ ಮರ್ಯಾದೆಯ ಕಾರು, ಅಂದರೆ ಕವಾಟ ಅವರು ಹೇಳಿದ ಹಳೆಯ ಅಮೆರಿಕದ ವೈದ್ಯರ ಸ್ಥಾನವೇ. ಇದಕ್ಕೆ ಹಳೆಯ ಬೇರುಗಳಿವೆ. 1929ರಲ್ಲೇ ಬ್ಯೂಕ್ ಶಾಂಘೈಯಲ್ಲಿ ಮಾರಾಟದ ಕಚೇರಿ ತೆರೆದಿತ್ತು. ಕೊನೆಯ ಚಕ್ರವರ್ತಿ ಪುಯಿ ಅವರ ಬಳಿಯೂ ಬ್ಯೂಕ್ ಇತ್ತು. ಕ್ರಾಂತಿಯ ನಂತರ ಹೊಸ ಕಾರು ಬರುವುದು ನಿಂತಿತು, ಆದರೆ ಈ ಕಾರು ದೊಡ್ಡವರದು ಎಂಬ ನೆನಪು ಅಳಿಯಲಿಲ್ಲ.

1997ರಲ್ಲಿ ಜನರಲ್ ಮೋಟರ್ಸ್ ಶಾಂಘೈಯ ಸರ್ಕಾರಿ ಕಂಪನಿಯೊಂದಿಗೆ ಸಮಪಾಲಿನ ಕೂಡುಸಂಸ್ಥೆ ಕಟ್ಟಿದಾಗ ಮೊದಲು ಆರಿಸಿಕೊಂಡದ್ದು ಬ್ಯೂಕ್ ಹೆಸರನ್ನೇ. 1998ರ ಡಿಸೆಂಬರಿನಲ್ಲಿ ಅಲ್ಲಿನ ಮೊದಲ ಕಾರು ಹೊರಬಂತು. ಅದಾದ ಆರು ತಿಂಗಳಿಗೆ, 1999ರ ಜೂನ್ ಕೊನೆಯಲ್ಲಿ, ಫ್ಲಿಂಟಿನ ಬ್ಯೂಕ್ ಸಿಟಿ ಕಾರ್ಖಾನೆ ಮುಚ್ಚಿತು. ಈ ಎರಡು ತಾರೀಖುಗಳನ್ನು ನಾನು ಒಟ್ಟಿಗೆ ಗಮನಿಸಿದ್ದು ಬಹಳ ತಡವಾಗಿ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುತ್ತಿಲ್ಲ, ಫ್ಲಿಂಟಿನಲ್ಲಿ ಮುಚ್ಚುವ ಮಾತು ಮೊದಲೇ ನಡೆದಿತ್ತು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಯಾಗಿ ಸರ್ಕಾರದ ಮುಂದೆ ಕೈಚಾಚಿದಾಗ, ಯಾವ ಹೆಸರು ಇರಬೇಕು, ಯಾವುದು ಹೋಗಬೇಕು ಎಂಬ ಲೆಕ್ಕ ನಡೆಯಿತು. ಆ ವರ್ಷ ಅಮೆರಿಕದಲ್ಲಿ ಮಾರಾಟವಾದ ಬ್ಯೂಕ್‌ಗಳು ಸುಮಾರು ಒಂದು ಲಕ್ಷ, ಚೀನಾದಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ. ಪಾಂಟಿಯಾಕಿಗೆ ಅಮೆರಿಕದಲ್ಲಿ ಅಭಿಮಾನಿಗಳಿದ್ದರು, ಆದರೆ ಕಡಲಾಚೆ ಅದನ್ನು ಕಾಯುವ ಇಂಥ ಇನ್ನೊಂದು ಮಾರುಕಟ್ಟೆ ಇರಲಿಲ್ಲ. ಓಲ್ಡ್ಸ್‌ಮೊಬೀಲ್ ಅದಕ್ಕೂ ಮೊದಲೇ, 2004ರಲ್ಲಿ, ಕಣ್ಮುಚ್ಚಿತ್ತು. ತವರಿನಲ್ಲಿ ಹಳತಾದ ಹೆಸರನ್ನು ಉಳಿಸಿದವರು ಅದನ್ನು ಹೊಸದೆಂದು ಕೊಂಡ ದೂರದ ಜನ.

ಅನುಭವದ ಮಾತು ಹೇಳಬೇಕೆಂದರೆ, ನಮ್ಮ ಕಚೇರಿಯಲ್ಲಿ ಜಿಎಲ್8 ಎಂಬ ಬ್ಯೂಕ್ ವ್ಯಾನ್ ಇತ್ತು. ಅಮೆರಿಕದ ಕುಟುಂಬಗಳು ಮಕ್ಕಳನ್ನು ಶಾಲೆಗೆ ಬಿಡಲು ಬಳಸುತ್ತಿದ್ದ ವ್ಯಾನಿನ ವಂಶದ್ದು ಅದು. ಚೀನಾದಲ್ಲಿ ಅದರ ನಡುಸಾಲಿನಲ್ಲಿ ಕೂರುವುದೇ ಗೌರವ. ಸುಜೌಗೆ ಹೋಗಿ ಬರುವ ದಾರಿಯಲ್ಲಿ ಆ ಸೀಟಿನಲ್ಲಿ ನಾನು ಮಾಡಿದಷ್ಟು ನಿದ್ದೆಯನ್ನು ಮನೆಯಲ್ಲಿ ಮಾಡಿಲ್ಲ.

---

ಘಾಟಿಮನೆ, ಒಂಟಾರಿಯೊ

ಓಶಾವಾ ಪಟ್ಟಣದ ಹತ್ತಿರ ವಾಸಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ಮೆಕ್ಲಾಕ್ಲಿನ್ ಕುಟುಂಬದ ಕುದುರೆಗಾಡಿ ಕಾರ್ಖಾನೆ 1907ರಲ್ಲಿ ಡ್ಯುರಾಂಟ್ ಅವರೊಂದಿಗೆ ಒಪ್ಪಂದ ಮಾಡಿಕೊಂಡು, ಬ್ಯೂಕ್ ಎಂಜಿನ್ನುಗಳಿಗೆ ತಾನೇ ಮೈಕಟ್ಟು ಕಟ್ಟತೊಡಗಿತು. ಮೆಕ್ಲಾಕ್ಲಿನ್ ಬ್ಯೂಕ್ ಎಂಬ ಹೆಸರಿನಲ್ಲಿ ಅವು 1942ರವರೆಗೂ ಬಂದವು. ಬ್ರಿಟಿಷ್ ಸಾಮ್ರಾಜ್ಯದೊಳಗೆ ಸುಂಕದ ರಿಯಾಯಿತಿ ಇದ್ದುದರಿಂದ, ಬಲಬದಿಯ ಸ್ಟೀರಿಂಗಿನ ಕಾರುಗಳನ್ನು ಕೆನಡಾದಿಂದ ಕಳಿಸುವುದು ಲಾಭದಾಯಕವಾಗಿತ್ತು. ಇಂಗ್ಲೆಂಡಿನ ಎಂಟನೆಯ ಎಡ್ವರ್ಡ್ 1936ರಲ್ಲಿ ತರಿಸಿಕೊಂಡ ಬ್ಯೂಕ್ ಕೂಡ ಇಲ್ಲಿಯದೇ. ಭಾರತದಲ್ಲಿ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ನಡೆಸಿತ್ತು.

ನಮ್ಮ ತಾತ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಮೊದಲು ಕ್ಲೀನರ್, ಆಮೇಲೆ ಡ್ರೈವರ್ ಆಗಿದ್ದರು. ದೊರೆಯ ಬಳಿ ಎಂಟು ಸಿಲಿಂಡರಿನ ಬ್ಯೂಕ್ ಇತ್ತು, ತಾತ ಅದನ್ನು 'ಬ್ಯೂಕು' ಎಂದೇ ಕೊನೆಯವರೆಗೂ ಕರೆದರು. ಘಾಟಿಯಲ್ಲಿ ಬೇರೆ ಗಾಡಿಗಳು ಎರಡು ಕಡೆ ನಿಂತು ನೀರು ಕುಡಿದರೆ ಇದು ಒಂದೇ ಉಸಿರಿಗೆ ಏರುತ್ತಿತ್ತೆಂದು ಅವರು ಹೇಳುತ್ತಿದ್ದರು. ಮಳೆಗಾಲದಲ್ಲಿ ಅದರ ತೂಕವೇ ಅದಕ್ಕೆ ಶತ್ರುವಾಗಿ, ಕೆಸರಿನಿಂದ ಎಳೆಯಲು ಎತ್ತುಗಳನ್ನು ಕಟ್ಟಬೇಕಾಗುತ್ತಿತ್ತಂತೆ. ಬಾನೆಟ್ಟಿನ ಒಳಗಿನ ಲೋಹದ ಫಲಕದಲ್ಲಿದ್ದ ಊರಿನ ಹೆಸರನ್ನು ಅವರು 'ವಶವ' ಎಂದು ನೆನಪಿಟ್ಟುಕೊಂಡಿದ್ದರು. ನಾನು ಕೆಲಸ ಸಿಕ್ಕು ಇಲ್ಲಿಗೆ ಬಂದು, ಹೆದ್ದಾರಿಯ ಫಲಕದಲ್ಲಿ ಓಶಾವಾ ಎಂಬುದನ್ನು ಓದಿದಾಗಲೇ ಅದು ಯಾವ ಊರೆಂದು ನನಗೆ ಹೊಳೆದದ್ದು.

---

ಮಲೆನಾಡಿಗ, ಫಾರ್ಮಿಂಗ್ಟನ್ ಹಿಲ್ಸ್, ಮಿಶಿಗನ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕಾರನ್ನು ಕೊಂಡೆ. ಗುರುತುಸಂಖ್ಯೆಯ ಎಂಟನೆಯ ಅಕ್ಷರ 'ಕೆ' ಎಂದೇ ಇದೆ. ಹನ್ನೊಂದನೆಯದು 'ಯು', ಅಂದರೆ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯದು ಎಂದು ಹಿರಿಯರೇ ಹೇಳಿದರು. ಮೇಲೆತ್ತಿ ನೋಡಿದಾಗ ಅಂಚುಗಳು ಗಟ್ಟಿಯಾಗಿದ್ದವು, ಹಿಂದಿನ ಬ್ರೇಕ್ ಪೈಪುಗಳು ಮಾತ್ರ ತುಕ್ಕು ಹಿಡಿದಿದ್ದವು. ಬದಲಿಸಲು 420 ಡಾಲರ್ ಆಗುತ್ತದೆಂದು ಮೆಕ್ಯಾನಿಕ್ ಹೇಳಿದ್ದನ್ನು ಹಿರಿಯರಿಗೆ ತಿಳಿಸಿದೆ, ಅವರು ಮರುಮಾತಿಲ್ಲದೆ ಅಷ್ಟನ್ನು ಬೆಲೆಯಲ್ಲಿ ಕಳೆದರು. ಪ್ಲಾಸ್ಟಿಕ್ ಪೆಟ್ಟಿಗೆಯನ್ನು 2013ರಲ್ಲಿ ಬದಲಿಸಿದ ದಾಖಲೆ ಪುಸ್ತಕದಲ್ಲಿತ್ತು. ಮೊಣಕೈ ಕೊಳವೆಗಳನ್ನು ಈ ವಾರ ಹಾಕಿಸಿದೆ.

ದೂರತೀರರು ಬರೆದ ಚೀನಾದ ವಿಷಯವನ್ನು ಹಿರಿಯರಿಗೆ ಅನುವಾದಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫ್ಲಿಂಟ್ ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಕಾರೂ ಲೆಸಾಬರ್ ಆಗಿತ್ತೆಂದರು. ಅದನ್ನು ನೋಡಲು ಸಾಲಾಗಿ ನಿಂತವರಲ್ಲಿ ತಾವೂ ಇದ್ದರಂತೆ. 1989ರಲ್ಲಿ ಕಾರುಗಳ ಗುಣಮಟ್ಟ ಅಳೆಯುವ ಜೆ.ಡಿ. ಪವರ್ ಸಮೀಕ್ಷೆ ಅಮೆರಿಕದ ಕಾರುಗಳಲ್ಲೆಲ್ಲ ಲೆಸಾಬರಿಗೆ ಮೊದಲ ಸ್ಥಾನ ಕೊಟ್ಟ ಸುದ್ದಿಯ ಪತ್ರಿಕೆಯ ತುಣುಕನ್ನು ಇನ್ನೂ ಇಟ್ಟುಕೊಂಡಿದ್ದಾರೆ. 'ಹಾಗಾದರೆ ನಮ್ಮ ಕೆಲಸ ಕೆಟ್ಟದ್ದೆಂದು ಮುಚ್ಚಿದ್ದಲ್ಲ' ಎಂದಷ್ಟೇ ಹೇಳಿದರು.

ಮಗನಿಗೆ ಶನಿವಾರ ಮೊದಲ ಪಾಠ. ಗೇರಿನ ಹಿಡಿಯನ್ನು ಎರಡು ಸೀಟುಗಳ ನಡುವೆ ತಡಕಾಡಿ, ಅದು ಸ್ಟೀರಿಂಗಿನ ಪಕ್ಕದಲ್ಲಿರುವುದನ್ನು ಕಂಡು ನಕ್ಕ. ಆಮೇಲೆ ಬಾನೆಟ್ ಎತ್ತಿ ಬ್ಯಾಟರಿ ಎಲ್ಲಿದೆಯೆಂದು ಹುಡುಕತೊಡಗಿದ. ಹಳೇಗಾಡಿಯವರ ಎಚ್ಚರಿಕೆಯನ್ನು ನಾನು ಬೇಕೆಂದೇ ಅವನಿಗೆ ಹೇಳಿರಲಿಲ್ಲ. ಹತ್ತು ನಿಮಿಷದ ಮೇಲೆ ಪಕ್ಕದ ಮನೆಯ ಹಿರಿಯರು ಊರುಗೋಲು ಹಿಡಿದು ನಿಧಾನವಾಗಿ ನಡೆದುಬಂದು, ಹಿಂದಿನ ಬಾಗಿಲು ತೆಗೆದು, ಸೀಟನ್ನು ಎತ್ತಿ ತೋರಿಸಿದರು.